ವಿಡಿಯೋದಲ್ಲಿ ನಡೆದವರು ಮನೆಯಲ್ಲೂ ನಡೆಯುತ್ತಾರಾ? ರೋಬೋಟ್ ಕಾಲಿನ ಅಸಲು ಲೆಕ್ಕ

2024ರ ಜುಲೈನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಜ್ಯೋತಿ ಹಿಡಿದವರಲ್ಲಿ ಕೆವಿನ್ ಪಿಯೆಟ್ ಒಬ್ಬರು. ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಈ ಟೆನಿಸ್ ಆಟಗಾರ ಅವತ್ತು ವೀಲ್‌ಚೇರ್‌ನಲ್ಲಿ ಬರಲಿಲ್ಲ. ವಾಂಡರ್‌ಕ್ರಾಫ್ಟ್ ಎಂಬ ಫ್ರೆಂಚ್ ಕಂಪನಿಯ ರೋಬೋಟ್ ಚೌಕಟ್ಟು ತೊಟ್ಟು, ಊರುಗೋಲಿಲ್ಲದೆ, ಕೈಯಲ್ಲಿ ಜ್ಯೋತಿ ಹಿಡಿದು ನಡೆದರು. ಆ ವಿಡಿಯೋ ಎಲ್ಲೆಲ್ಲೂ ಹರಿದಾಡಿತು.

ಎರಡು ತಿಂಗಳಾದ ಮೇಲೆ ಅಮೆರಿಕದಿಂದ ಬೇರೆಯೇ ಸುದ್ದಿ ಬಂತು. ಕುದುರೆ ರೇಸ್‌ನಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದ್ದ ಮಾಜಿ ಜಾಕಿಯೊಬ್ಬರು ಇಂಥದ್ದೇ ಯಂತ್ರವನ್ನು ಹತ್ತು ವರ್ಷ ಬಳಸಿದ್ದರು. ಅದರ ಬೆಲೆ ಸುಮಾರು ಒಂದು ಲಕ್ಷ ಡಾಲರ್. ಯಂತ್ರವನ್ನು ನಿಯಂತ್ರಿಸುವ ಕೈಗಡಿಯಾರದಲ್ಲಿ ಬ್ಯಾಟರಿಯ ತಂತಿ ಕಿತ್ತುಹೋಯಿತು. ರಿಪೇರಿಗೆ ಬೇಕಿದ್ದದ್ದು ಚಿಲ್ಲರೆ ದುಡ್ಡು. ಆದರೆ ಐದು ವರ್ಷಕ್ಕಿಂತ ಹಳೆಯ ಯಂತ್ರವನ್ನು ತಾನು ರಿಪೇರಿ ಮಾಡುವುದಿಲ್ಲ ಎಂದು ಕಂಪನಿ ಕೈಚೆಲ್ಲಿತು. ಮಾಧ್ಯಮಗಳಲ್ಲಿ ಸುದ್ದಿಯಾದ ಮೇಲಷ್ಟೇ ಕೆಲಸ ಆಯಿತು.

ಅದೇ ಸೆಪ್ಟೆಂಬರ್‌ನಲ್ಲಿ ಒಂದು ದೊಡ್ಡ ವೈದ್ಯಕೀಯ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಬೆನ್ನುಹುರಿಗೆ ಪೆಟ್ಟಾದ 161 ಮಾಜಿ ಸೈನಿಕರ ಮೇಲೆ ನಡೆದ ಪ್ರಯೋಗ ಅದು. ಮನೆಗೆ ರೋಬೋಟ್ ಚೌಕಟ್ಟು ಕೊಟ್ಟರೂ ಅವರ ಜೀವನದ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದಕ್ಕೂ ಮೊದಲೇ, ಅದೇ ವರ್ಷದ ಏಪ್ರಿಲ್‌ನಲ್ಲಿ, ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ ಇಂಥ ಒಂದು ಯಂತ್ರಕ್ಕೆ 91,032 ಡಾಲರ್ ಕೊಡುವುದಾಗಿ ದರ ಗೊತ್ತುಮಾಡಿತ್ತು. ಆಗಿನ ಲೆಕ್ಕದಲ್ಲಿ ಸುಮಾರು 75 ಲಕ್ಷ ರೂಪಾಯಿ.

ಒಂದೇ ವರ್ಷದಲ್ಲಿ ನಾಲ್ಕು ಸುದ್ದಿ, ನಾಲ್ಕೂ ನಿಜ. ಹಾಗಾದರೆ ಈ ಯಂತ್ರಗಳು ಕೆಲಸ ಮಾಡುತ್ತವಾ, ಇಲ್ವಾ? ಮನೆಯಲ್ಲಿ ಸ್ಟ್ರೋಕ್ ಆದವರೋ ಬೆನ್ನುಹುರಿಗೆ ಪೆಟ್ಟಾದವರೋ ಇದ್ದರೆ ಈ ಪ್ರಶ್ನೆಯ ಹಿಂದೆ ದೊಡ್ಡ ಆಸೆ ಇರುತ್ತದೆ, ಜೊತೆಗೆ ಸಾಲದ ಲೆಕ್ಕವೂ ಇರುತ್ತದೆ. ಅದಕ್ಕೇ ಇದನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ಮೂರು ಬಗೆಯ ಯಂತ್ರ, ಮೂರು ಬೇರೆ ಕೆಲಸ

ಗೊಂದಲ ಶುರುವಾಗುವುದೇ ಇಲ್ಲಿ. ಸುದ್ದಿಗಳು ಮೂರು ಬೇರೆ ಬೇರೆ ಯಂತ್ರಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತವೆ.

ಮೊದಲನೆಯದು ಆಸ್ಪತ್ರೆಯಲ್ಲೇ ಇರುವ ತರಬೇತಿ ರೋಬೋಟ್. ಸ್ವಿಟ್ಜರ್ಲೆಂಡಿನ ಲೋಕೋಮ್ಯಾಟ್ ಇದರಲ್ಲಿ ಹೆಸರುವಾಸಿ. ರೋಗಿಗೆ ಪಟ್ಟಿಗಳನ್ನು ಕಟ್ಟಿ ಟ್ರೆಡ್‌ಮಿಲ್ ಮೇಲೆ ತೂಗಿದ ಹಾಗೆ ನಿಲ್ಲಿಸುತ್ತಾರೆ. ಮೋಟಾರಿನ ಚೌಕಟ್ಟು ಅವರ ಕಾಲುಗಳನ್ನು ನಡಿಗೆಯ ಲಯದಲ್ಲಿ ಆಡಿಸುತ್ತದೆ. ಇದರ ಕೆಲಸ ಕಲಿಸುವುದು. ಕಲಿತ ಮೇಲೆ ರೋಗಿ ಯಂತ್ರವಿಲ್ಲದೆ ನಡೆಯಬೇಕು.

ಎರಡನೆಯದು ಮೈಮೇಲೆ ತೊಡುವ ಚೌಕಟ್ಟು, ಅಂದರೆ ಎಕ್ಸೋಸ್ಕೆಲಿಟನ್. ಇದು ಕಾಲಿನ ಬದಲಿಗೆ ತಾನೇ ಹೆಜ್ಜೆ ಹಾಕುತ್ತದೆ. ಬೆನ್ನುಹುರಿ ಪೂರ್ತಿ ತುಂಡಾದವರು ಇದನ್ನು ತೊಟ್ಟು ವರ್ಷಗಟ್ಟಲೆ ನಡೆದರೂ, ಬಿಚ್ಚಿಟ್ಟ ಕೂಡಲೇ ಕಾಲು ಮೊದಲಿದ್ದ ಹಾಗೇ ಇರುತ್ತದೆ. 'ಇದನ್ನು ಹಾಕಿಕೊಂಡು ನಡೆದರೆ ಕಾಲು ವಾಪಸ್ ಬರುತ್ತಾ?' ಎಂದು ಕೇಳುವ ಮನೆಯವರಿಗೆ ಈ ಮಾತನ್ನು ಮೊದಲೇ ಬಿಡಿಸಿ ಹೇಳಬೇಕು. ಬೆನ್ನುಹುರಿಯಲ್ಲಿ ಸ್ವಲ್ಪವಾದರೂ ಸಂಪರ್ಕ ಉಳಿದಿದ್ದರೆ ಮಾತು ಬೇರೆ. ಆಗ ಇದೇ ಯಂತ್ರ ತರಬೇತಿಗೂ ಉಪಯೋಗವಾಗಬಹುದು. ಜಪಾನಿನ ಹಾಲ್ ಎಂಬ ಯಂತ್ರ ಇಂಥವರಿಗಾಗಿಯೇ ಇದೆ. ಸ್ನಾಯುವಿಗೆ ಬರುವ ಕ್ಷೀಣ ವಿದ್ಯುತ್ ಸಂಕೇತವನ್ನು ಅದು ಚರ್ಮದ ಮೇಲಿಂದಲೇ ಹಿಡಿದು, ರೋಗಿ ಎತ್ತಬೇಕೆಂದುಕೊಂಡ ಕಾಲನ್ನು ಎತ್ತಲು ನೆರವಾಗುತ್ತದೆ.

ಮೂರನೆಯದು ಮಿದುಳಿನ ಸಂಕೇತವನ್ನೇ ಹಿಡಿಯುವ ಸಾಧನ. 2023ರಲ್ಲಿ ಸ್ವಿಟ್ಜರ್ಲೆಂಡಿನ ತಂಡವೊಂದು ಒಬ್ಬ ವ್ಯಕ್ತಿಯ ಮಿದುಳಿನ ಸಂಕೇತವನ್ನು ತಂತಿಯಿಲ್ಲದೆ ಬೆನ್ನುಹುರಿಗೆ ದಾಟಿಸಿ, ಅವರ ಸ್ವಂತ ಕಾಲಲ್ಲೇ ನಡೆಸಿತು. ವಿಜ್ಞಾನದ ದೃಷ್ಟಿಯಿಂದ ತುಂಬ ದೊಡ್ಡ ಹೆಜ್ಜೆ. ಆದರೆ ಶಸ್ತ್ರಚಿಕಿತ್ಸೆ ಬೇಕು, ಮತ್ತು ಇದುವರೆಗೆ ಬೆರಳೆಣಿಕೆಯ ಜನರ ಮೇಲೆ ಮಾತ್ರ ನಡೆದಿದೆ. ನಮ್ಮ ಆಸ್ಪತ್ರೆಗಳಿಗೆ ಇದು ಇನ್ನೂ ದೂರದ ಮಾತು.

ಒಂದು ಹೆಜ್ಜೆಯ ಹಿಂದೆ

ಮನೆಬಳಕೆಗೆ ಅಮೆರಿಕದಲ್ಲಿ ಮೊದಲು ಅನುಮತಿ ಸಿಕ್ಕಿದ್ದು ಇಸ್ರೇಲಿನ ರೀವಾಕ್ ಯಂತ್ರಕ್ಕೆ, 2014ರಲ್ಲಿ. ಅದನ್ನು ತೊಡುವುದು ಹೇಗೆ ಅಂತ ಹತ್ತಿರದಿಂದ ನೋಡಿದರೆ ವಿಡಿಯೋದಲ್ಲಿ ಕಾಣದ ಎಷ್ಟೋ ವಿಷಯ ಗೊತ್ತಾಗುತ್ತದೆ.

ವೀಲ್‌ಚೇರ್‌ನಲ್ಲಿದ್ದವರು ಮೊದಲು ಪಕ್ಕದ ಕುರ್ಚಿಗೆ ಬದಲಾಗಬೇಕು. ಚೌಕಟ್ಟನ್ನು ಆ ಕುರ್ಚಿಯಲ್ಲಿ ಮೊದಲೇ ಇಟ್ಟಿರುತ್ತಾರೆ. ಪಾದದಡಿಯ ಪಟ್ಟಿಯನ್ನು ಶೂ ಒಳಗೆ ಕೂರಿಸಬೇಕು. ಮೊಣಕಾಲು, ತೊಡೆ, ಸೊಂಟ, ಎದೆ ಅಂತ ಒಂದೊಂದೇ ಪಟ್ಟಿ ಬಿಗಿಯಬೇಕು. ಪಟ್ಟಿ ಎಲ್ಲಾದರೂ ಉಜ್ಜಿದರೆ ತೊಟ್ಟವರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ಸ್ಪರ್ಶವೇ ಇಲ್ಲ. ಸಣ್ಣ ಗಾಯ ವಾರಗಟ್ಟಲೆ ಮಾಯದ ಹುಣ್ಣಾಗಬಹುದು. ಆಮೇಲೆ ಎರಡೂ ಕೈಯಲ್ಲಿ ಊರುಗೋಲು ಹಿಡಿದು, ಮಣಿಕಟ್ಟಿನ ಗಡಿಯಾರದಲ್ಲಿ 'ಏಳು' ಎಂಬ ಗುಂಡಿ ಒತ್ತಬೇಕು. ಮೋಟಾರುಗಳು ಮೇಲೆತ್ತುತ್ತವೆ. ನಿಂತ ಮೇಲೆ ಮೈಯನ್ನು ತುಸು ಮುಂದಕ್ಕೆ ಬಾಗಿಸಿದರೆ ಸೆನ್ಸರ್ ಅದನ್ನು ಗ್ರಹಿಸಿ ಒಂದು ಕಾಲನ್ನು ಮುಂದಿಡುತ್ತದೆ. ಮತ್ತೆ ಬಾಗಿದರೆ ಇನ್ನೊಂದು. ಸಮತೋಲನದ ಹೊಣೆ ಯಂತ್ರದ್ದಲ್ಲ, ತೊಟ್ಟವರ ತೋಳುಗಳದ್ದು.

ಯಂತ್ರದ ತೂಕ 20 ಕಿಲೋಗೂ ಜಾಸ್ತಿ. ಪಕ್ಕದಲ್ಲಿ ತರಬೇತಿ ಪಡೆದ ಒಬ್ಬರು ಇರಲೇಬೇಕು. ತೊಡುವವರ ಎತ್ತರ, ತೂಕ ಒಂದು ಮಿತಿಯೊಳಗೆ ಇರಬೇಕು. ಮೂಳೆ ಗಟ್ಟಿಯಿರಬೇಕು. ವರ್ಷಗಟ್ಟಲೆ ಭಾರ ಹೊರದ ಕಾಲಿನ ಮೂಳೆ ತೆಳುವಾಗಿರುತ್ತದೆ, ನಿಲ್ಲಿಸಿದಾಗ ಮುರಿಯುವ ಅಪಾಯ ಇದೆ. ಕೈಗಳಲ್ಲಂತೂ ಪೂರ್ತಿ ಬಲ ಬೇಕು.

ಈ ಕೊನೆಯ ಷರತ್ತು ಎಷ್ಟು ಕಠಿಣ ಅಂತ ರೀವಾಕ್ ಕಂಡುಹಿಡಿದ ಅಮಿತ್ ಗೋಫರ್ ಅವರನ್ನೇ ನೋಡಿದರೆ ತಿಳಿಯುತ್ತದೆ. 1997ರ ಅಪಘಾತದಲ್ಲಿ ಅವರ ಕೈಕಾಲು ಎರಡಕ್ಕೂ ತೊಂದರೆಯಾಯಿತು. ವೀಲ್‌ಚೇರ್‌ಗೆ ಬೇರೆ ದಾರಿಯೇ ಇಲ್ಲವಾ ಎಂದು ಯೋಚಿಸಿ ಈ ಯಂತ್ರ ಮಾಡಿದರು. ಆದರೆ ಊರುಗೋಲು ಹಿಡಿಯುವ ಶಕ್ತಿ ಕೈಯಲ್ಲಿಲ್ಲದ ಕಾರಣ ಅವರಿಗೇ ಅದನ್ನು ಬಳಸಲಾಗಲಿಲ್ಲ. ಆಮೇಲೆ ಅವರು ತಮ್ಮಂಥವರಿಗಾಗಿ ನಿಂತುಕೊಂಡೇ ಓಡಾಡಬಹುದಾದ ಗಾಲಿ ಸಾಧನವೊಂದರ ಕೆಲಸಕ್ಕೆ ಕೈ ಹಾಕಿದರು. ವಾಂಡರ್‌ಕ್ರಾಫ್ಟ್ ಯಂತ್ರ ತಾನೇ ಸಮತೋಲನ ಮಾಡಿಕೊಳ್ಳುತ್ತದೆ, ಊರುಗೋಲು ಬೇಡ. ಪ್ಯಾರಿಸ್‌ನ ಆ ನಡಿಗೆ ಅಷ್ಟು ಗಮನ ಸೆಳೆದದ್ದು ಇದಕ್ಕೇ.

ಸ್ಟ್ರೋಕ್ ಆದವರ ಲೆಕ್ಕ ಬೇರೆ

ಸ್ಟ್ರೋಕ್‌ನಲ್ಲಿ ಕಾಲಿಗೆ ಏನೂ ಆಗಿರುವುದಿಲ್ಲ, ಬೆನ್ನುಹುರಿಯೂ ಸರಿಯಿರುತ್ತದೆ. ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತು, ಇಲ್ಲವೇ ರಕ್ತನಾಳ ಒಡೆದು, ಅಲ್ಲಿನ ಜೀವಕೋಶಗಳು ಸತ್ತಿರುತ್ತವೆ. ಉಳಿದ ಭಾಗಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿತುಕೊಳ್ಳಬಲ್ಲವು. ಆದರೆ ಅದಕ್ಕೆ ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಿಸಬೇಕು. ಅದೂ ಮೊದಲ ಕೆಲವು ತಿಂಗಳಲ್ಲೇ.

ನಿಜವಾದ ತೊಡಕು ಇಲ್ಲಿದೆ. ಸ್ಟ್ರೋಕ್ ರೋಗಿಗಳ ಫಿಸಿಯೋಥೆರಪಿಯನ್ನು ಪಕ್ಕದಲ್ಲೇ ನಿಂತು ಎಣಿಸಿದ ಅಮೆರಿಕದ ಸಂಶೋಧಕರಿಗೆ, ಒಂದು ಸಲದ ಚಿಕಿತ್ಸೆಯಲ್ಲಿ ಕೈಯನ್ನು ಕೆಲಸಕ್ಕೆ ಬಳಸುವ ಚಲನೆಗಳು ಸರಾಸರಿ 32 ಮಾತ್ರ ಸಿಕ್ಕವು. ಥೆರಪಿಸ್ಟ್‌ಗಳು ಸೋಮಾರಿಗಳು ಅಂತ ಇದರ ಅರ್ಥವಲ್ಲ. ನಿಲ್ಲಲಾಗದ ಒಬ್ಬ ದೊಡ್ಡ ಮನುಷ್ಯನನ್ನು ನಡೆಸಬೇಕಾದರೆ ಇಬ್ಬರು ಮೂವರು ಬೇಕು. ಒಬ್ಬರು ಸೊಂಟ ಹಿಡಿಯಬೇಕು, ಇನ್ನೊಬ್ಬರು ಕೂತು ಒಂದೊಂದೇ ಪಾದ ಎತ್ತಿಡಬೇಕು. ಹತ್ತು ನಿಮಿಷಕ್ಕೆ ಎಲ್ಲರೂ ಸುಸ್ತು. ಯಂತ್ರಕ್ಕೆ ಆ ಸುಸ್ತಿಲ್ಲ. ಅದು ಅರ್ಧ ಗಂಟೆಯಲ್ಲಿ ನೂರಾರು ಹೆಜ್ಜೆ ಹಾಕಿಸುತ್ತದೆ.

ಫಲ ಸಿಕ್ಕಿದೆಯಾ? ಕಾಲಿನ ವಿಷಯದಲ್ಲಿ ಹೌದು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಇಂಥ 62 ಪ್ರಯೋಗಗಳನ್ನು ನೋಡಿತು. ಫಿಸಿಯೋಥೆರಪಿಯ ಜೊತೆಗೆ ರೋಬೋಟ್ ತರಬೇತಿಯೂ ಸಿಕ್ಕವರಲ್ಲಿ ಸ್ವತಂತ್ರವಾಗಿ ನಡೆಯುವಂತಾದವರು ಹೆಚ್ಚು. ಲಾಭ ಜಾಸ್ತಿ ಕಂಡಿದ್ದು ಸ್ಟ್ರೋಕ್ ಆಗಿ ಮೂರು ತಿಂಗಳೊಳಗಿದ್ದವರಲ್ಲಿ ಮತ್ತು ಆರಂಭದಲ್ಲಿ ನಡೆಯಲೇ ಆಗದಿದ್ದವರಲ್ಲಿ. ಇಲ್ಲಿ 'ಜೊತೆಗೆ' ಎಂಬುದನ್ನು ಮರೆಯಬಾರದು. ಥೆರಪಿಸ್ಟ್ ಬದಲು ರೋಬೋಟ್ ಅಂತ ಆ ವರದಿ ಹೇಳುವುದಿಲ್ಲ.

ಕೈಯ ವಿಷಯ ಇಷ್ಟು ಸಲೀಸಲ್ಲ. ಬ್ರಿಟನ್ನಿನಲ್ಲಿ 770 ಜನರ ಮೇಲೆ ನಡೆದ ರಾಟುಲ್ಸ್ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ವಾರಕ್ಕೆ ಮೂರು ಸಲ, ಒಂದು ಸಲಕ್ಕೆ 45 ನಿಮಿಷ, ಹನ್ನೆರಡು ವಾರ ರೋಬೋಟ್‌ನಿಂದ ತೋಳಿನ ತರಬೇತಿ ಕೊಟ್ಟರು. ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಅವರ ಕೈಬಳಕೆ ಉತ್ತಮವಾಗಲಿಲ್ಲ. ಯಂತ್ರ ತೋಳನ್ನು ಮೇಜಿನ ಮೇಲೆ ಆಚೀಚೆ ಆಡಿಸುತ್ತದೆ ನಿಜ. ಆದರೆ ತುತ್ತು ಕಲಸುವುದು, ಗುಂಡಿ ಹಾಕುವುದು, ಲೋಟ ಎತ್ತುವುದು ಎಲ್ಲ ಬೆರಳಿನ ಕೆಲಸ. ಮೇಜಿನ ಮೇಲಿನ ಅಭ್ಯಾಸ ತಾನಾಗಿ ಊಟದ ತಟ್ಟೆಗೆ ಬರುವುದಿಲ್ಲ.

161 ಜನರಿಗೆ ಯಾಕೆ ವ್ಯತ್ಯಾಸ ಆಗಲಿಲ್ಲ?

ಈಗ ಆ ಮಾಜಿ ಸೈನಿಕರ ಪ್ರಯೋಗಕ್ಕೆ ಬರೋಣ. ಇವರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ವೀಲ್‌ಚೇರ್ ಮಾತ್ರ. ಇನ್ನೊಂದಕ್ಕೆ ವೀಲ್‌ಚೇರ್ ಜೊತೆಗೆ ಮನೆಗೊಯ್ಯಲು ಎಕ್ಸೋಸ್ಕೆಲಿಟನ್. ನಾಲ್ಕು ತಿಂಗಳಾದ ಮೇಲೆ ಮಾನಸಿಕ ನೆಮ್ಮದಿಯ ಅಂಕಗಳಲ್ಲಾಗಲಿ, ದೈಹಿಕ ಆರೋಗ್ಯದ ಅಂಕಗಳಲ್ಲಾಗಲಿ ಗುಂಪುಗಳ ನಡುವೆ ಗಮನಾರ್ಹ ಅಂತರ ಇರಲಿಲ್ಲ.

ಯಂತ್ರ ಕೆಟ್ಟಿದ್ದಕ್ಕೆ ಹೀಗಾಗಲಿಲ್ಲ. ಅದನ್ನು ತೊಡುವ ಕಥೆ ಮೇಲೆ ನೋಡಿದಿರಲ್ಲ. ಅಷ್ಟು ಪಟ್ಟಿ ಬಿಗಿದು, ಜೊತೆಗೊಬ್ಬರನ್ನು ಕರೆದು, ಮೆಲ್ಲಗೆ ಹೆಜ್ಜೆ ಹಾಕಿ ಅಡುಗೆಮನೆಗೆ ಹೋಗುವ ಹೊತ್ತಿಗೆ ವೀಲ್‌ಚೇರ್‌ನಲ್ಲಿ ಹತ್ತು ಸಲ ಹೋಗಿ ಬರಬಹುದು. ಹೋದ ಮೇಲೂ ಎರಡು ಕೈ ಊರುಗೋಲಿನಲ್ಲಿ ಸಿಕ್ಕಿಕೊಂಡಿರುತ್ತವೆ. ಒಂದು ಲೋಟ ನೀರು ತರಲೂ ಆಗುವುದಿಲ್ಲ. ಹಾಗಾಗಿ ಮನೆಯೊಳಗೆ ಈ ಯಂತ್ರ ವ್ಯಾಯಾಮದ ಸಾಧನವಾಗಿ ಉಳಿಯುತ್ತದೆ, ಓಡಾಟದ ಸಾಧನವಾಗಿ ಬಳಕೆಗೆ ಬರುವುದು ಕಷ್ಟ.

ವ್ಯಾಯಾಮಕ್ಕೂ ಬೆಲೆ ಇದೆ, ಅದನ್ನು ತಳ್ಳಿಹಾಕಬಾರದು. ನಿಂತು ನಡೆಯುವುದರಿಂದ ಮಲಬದ್ಧತೆ, ಸ್ನಾಯು ಸೆಟೆತ ಕಡಿಮೆಯಾಯಿತು ಎಂದು ಹಲವು ಬಳಕೆದಾರರು ಹೇಳುತ್ತಾರೆ, ಚಿಕ್ಕ ಅಧ್ಯಯನಗಳಲ್ಲೂ ಇದು ಕಂಡಿದೆ. ಎದುರಿನವರ ಕಣ್ಣಿಗೆ ಕಣ್ಣಿಟ್ಟು, ನಿಂತು ಮಾತಾಡುವ ಸಂತೋಷವನ್ನು ಪ್ರಶ್ನಾವಳಿಯ ಅಂಕಗಳಲ್ಲಿ ಹಿಡಿಯುವುದು ಸುಲಭವಲ್ಲ. ಯಂತ್ರ ತಯಾರಕರ ವಾದವೂ ಇದೇ. ನಾಲ್ಕು ತಿಂಗಳು ಸಾಲದು, ಅಳೆದ ರೀತಿ ಸರಿಯಿಲ್ಲ ಅಂತಾರೆ. ಆ ವಾದದಲ್ಲಿ ಹುರುಳಿದೆ. ಆದರೆ ಅದರ ಆಧಾರದಲ್ಲಿ ಒಂದು ಕುಟುಂಬ ಹೊಲ ಮಾರಿ ಯಂತ್ರ ತರುವುದು ತಪ್ಪಾಗುತ್ತದೆ.

ನಡಿಗೆಗಿಂತ ಮೊದಲು

ವಿಕಲಚೇತನರ ಸಂಘಟನೆಗಳು ಬಹಳ ಕಾಲದಿಂದ ಒಂದು ಮಾತು ಹೇಳುತ್ತಾ ಬಂದಿವೆ: ನಮಗೆ ಏನು ಬೇಕು ಅಂತ ನಮ್ಮನ್ನು ಕೇಳಿ. 2004ರಲ್ಲಿ ಅಮೆರಿಕದ ಸಂಶೋಧಕಿ ಕಿಮ್ ಆಂಡರ್ಸನ್ ಅದನ್ನೇ ಮಾಡಿದರು. ಬೆನ್ನುಹುರಿಗೆ ಪೆಟ್ಟಾದ 681 ಜನರನ್ನು, ಯಾವುದು ವಾಪಸ್ ಬಂದರೆ ನಿಮ್ಮ ಬದುಕು ಹೆಚ್ಚು ಸುಧಾರಿಸುತ್ತದೆ ಎಂದು ಕೇಳಿದರು. ಆಂಡರ್ಸನ್ ಅವರಿಗೂ ಬೆನ್ನುಹುರಿಗೆ ಪೆಟ್ಟಾಗಿತ್ತು. ಕೈಕಾಲು ಎರಡೂ ಹೋದವರು ಮೊದಲು ಹೇಳಿದ್ದು ಕೈ, ತೋಳು. ಕಾಲು ಮಾತ್ರ ಹೋದವರು ಮೊದಲು ಹೇಳಿದ್ದು ಲೈಂಗಿಕ ಜೀವನ. ಮೂತ್ರ, ಮಲದ ಮೇಲಿನ ಹತೋಟಿ ಎರಡೂ ಗುಂಪಿಗೆ ಮುಖ್ಯವಾಗಿತ್ತು. ನಡಿಗೆ ಯಾವ ಗುಂಪಿನಲ್ಲೂ ಮೊದಲ ಸ್ಥಾನಕ್ಕೆ ಬರಲಿಲ್ಲ.

ನಡೆಯುವವರ ಕಣ್ಣಿಗೆ ಅಂಗವೈಕಲ್ಯ ಎಂದರೆ ನಡೆಯಲಾಗದಿರುವುದು. ಅದನ್ನು ಅನುಭವಿಸುವವರಿಗೆ ಅದು ಬೆಳಿಗ್ಗೆ ಎದ್ದು ಮೂತ್ರಕ್ಕೆ ಯಾರನ್ನು ಕರೆಯಬೇಕು ಎಂಬ ಚಿಂತೆ. ಬಂಡವಾಳ ಮತ್ತು ಸುದ್ದಿ ಎರಡೂ ಮೊದಲನೆಯದರ ಹಿಂದೆ ಹೋಗುತ್ತವೆ, ಏಕೆಂದರೆ ಅದು ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತದೆ. ಕೆನಡಾದ ಕಿನೋವಾ ಕಂಪನಿ ವೀಲ್‌ಚೇರ್‌ಗೆ ಜೋಡಿಸುವ ಜಾಕೋ ಎಂಬ ರೋಬೋಟ್ ತೋಳನ್ನು ಮಾಡುತ್ತದೆ. ಜಾಯ್‌ಸ್ಟಿಕ್ ಹಿಡಿದು ನೀರು ಕುಡಿಯಬಹುದು, ಬಾಗಿಲು ತೆರೆಯಬಹುದು, ಬಿದ್ದ ಫೋನ್ ಎತ್ತಿಕೊಳ್ಳಬಹುದು. ಒಂದು ಗಂಟೆ ಮನೆಯಲ್ಲಿ ಒಬ್ಬರೇ ಇರಲು ಇಂಥ ತೋಳು ನಿಜಕ್ಕೂ ನೆರವಾಗುತ್ತದೆ. ಇದೂ ದುಬಾರಿಯೇ. ಆದರೆ ಎಷ್ಟು ಜನ ಇದರ ವಿಡಿಯೋ ನೋಡಿದ್ದಾರೆ?

ಕಂಪನಿ ಕೈಬಿಟ್ಟರೆ

ಜಾಕಿಯ ಗಡಿಯಾರದ ಪ್ರಕರಣ ಆಕಸ್ಮಿಕ ಅಂದುಕೊಳ್ಳಬೇಡಿ. ಮೆಟ್ಟಿಲು ಹತ್ತುವ ಐಬಾಟ್ ಎಂಬ ವೀಲ್‌ಚೇರ್ 2003ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಬೆಲೆ ಹೆಚ್ಚು, ವಿಮೆ ಕೊಡಲಿಲ್ಲ, ಮಾರಾಟ ಆಗಲಿಲ್ಲ. 2009ರಲ್ಲಿ ತಯಾರಿಕೆ ನಿಂತಿತು. ಹೊಸ ಆವೃತ್ತಿ ಬರಲು ಹತ್ತು ವರ್ಷ ಹಿಡಿಯಿತು. ಅಂಧರ ಕಣ್ಣೊಳಗೆ ಅಳವಡಿಸುವ ಆರ್ಗಸ್ ಎಂಬ ಸಾಧನದ ಕಥೆ ಇನ್ನೂ ಕಠೋರ. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಅದನ್ನು ಹಾಕಿಸಿಕೊಂಡಿದ್ದರು. ಕಂಪನಿ ಆ ಸಾಧನವನ್ನು ಕೈಬಿಟ್ಟಿತು, ಆಮೇಲೆ ದಿವಾಳಿಯ ಅಂಚಿಗೆ ಬಂತು. ಸಾಧನ ಕಣ್ಣಲ್ಲೇ ಉಳಿಯಿತು, ರಿಪೇರಿ ಮಾಡುವವರು ಇಲ್ಲವಾದರು.

ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಬಳಕೆದಾರರು ಕಡಿಮೆ, ಹಾಗಾಗಿ ಯಂತ್ರಗಳ ಸಂಖ್ಯೆ ಕಡಿಮೆ. ಸಂಖ್ಯೆ ಕಡಿಮೆಯಾದ್ದರಿಂದ ಒಂದೊಂದರ ಬೆಲೆ ಜಾಸ್ತಿ. ಬೆಲೆ ಜಾಸ್ತಿಯಾದ್ದರಿಂದ ಬಳಕೆದಾರರು ಇನ್ನೂ ಕಡಿಮೆ. ಕಂಪನಿ ನಡೆಯುವುದು ಹೂಡಿಕೆದಾರರ ಹಣದಿಂದ. ಅವರಿಗೆ ಬೇಕಾದದ್ದು ಹೊಸ ಮಾದರಿಯ ಮಾರಾಟ. ಹಳೆಯದರ ಬಿಡಿಭಾಗ ಇಟ್ಟುಕೊಳ್ಳುವುದು ಬರೀ ಖರ್ಚು. ತಂತ್ರಾಂಶಕ್ಕೆ ಬೀಗ ಹಾಕಿರುವುದರಿಂದ ಹೊರಗಿನ ಮೆಕ್ಯಾನಿಕ್ ಕೈ ಹಾಕುವಂತಿಲ್ಲ.

ಅಮೆರಿಕದ ಕೊಲರಾಡೋ ರಾಜ್ಯ ಇದಕ್ಕೊಂದು ದಾರಿ ಹುಡುಕಿತು. ವಿದ್ಯುತ್ ವೀಲ್‌ಚೇರ್‌ಗಳ ಬಿಡಿಭಾಗ, ಕೈಪಿಡಿ, ತಂತ್ರಾಂಶಗಳನ್ನು ಬಳಕೆದಾರರಿಗೂ ಹೊರಗಿನ ರಿಪೇರಿಯವರಿಗೂ ಕೊಡಲೇಬೇಕು ಎಂದು 2022ರಲ್ಲಿ ಕಾನೂನು ಮಾಡಿತು. ಹೀಗೆ ಮಾಡಿದರೆ ಸುರಕ್ಷತೆಗೆ ತೊಂದರೆ ಎಂಬ ಆಕ್ಷೇಪಕ್ಕೆ ಸ್ವಲ್ಪ ಅರ್ಥವಿದೆ. ತಪ್ಪು ರಿಪೇರಿಯಾದರೆ ನಿಂತವರು ಬೀಳುತ್ತಾರೆ. ಆದರೆ ರಿಪೇರಿಯೇ ಸಿಗದವರು ಕೂತಲ್ಲೇ ಉಳಿಯುತ್ತಾರೆ. ಮೋಟಾರು ನಿಯಂತ್ರಣಕ್ಕೊಂದು ನಿಯಮ, ಬ್ಯಾಟರಿ ಪಟ್ಟಿ ತಂತಿಗಳಿಗೆ ಇನ್ನೊಂದು ನಿಯಮ ಮಾಡಲು ಯಾವ ಅಡ್ಡಿಯೂ ಇಲ್ಲ.

ಹಣ ಕೊಡುವವರು ಯಾರು?

ಜಪಾನ್ 2016ರಲ್ಲಿ ಹಾಲ್ ಚಿಕಿತ್ಸೆಯನ್ನು ಸರ್ಕಾರಿ ಆರೋಗ್ಯ ವಿಮೆಗೆ ಸೇರಿಸಿತು, ನಿರ್ದಿಷ್ಟವಾದ ಎಂಟು ನರ-ಸ್ನಾಯು ಕಾಯಿಲೆಗಳಿಗೆ ಮಾತ್ರ. ಆಸ್ಪತ್ರೆಯಲ್ಲಿ ಯಂತ್ರ ಇರುತ್ತದೆ, ರೋಗಿ ಹೋಗಿ ಬರುತ್ತಾರೆ. ಜರ್ಮನಿಯ ವಿಮಾ ವ್ಯವಸ್ಥೆ 2018ರಲ್ಲಿ ರೀವಾಕ್ ಯಂತ್ರವನ್ನು ಮಂಜೂರು ಮಾಡಬಹುದಾದ ಸಾಧನಗಳ ಪಟ್ಟಿಗೆ ಸೇರಿಸಿತು. ಅಮೆರಿಕ 2024ರಿಂದ ಎಕ್ಸೋಸ್ಕೆಲಿಟನ್ ಅನ್ನು ಕಾಲಿಗೆ ಕಟ್ಟುವ ಬ್ರೇಸ್‌ನ ಗುಂಪಿಗೆ ಹಾಕಿ ದುಡ್ಡು ಕೊಡಲು ಶುರುಮಾಡಿತು.

ಈ ಮೂರರಲ್ಲಿ ನಮಗೆ ಹತ್ತಿರವಾದದ್ದು ಜಪಾನಿನ ದಾರಿ. ಒಂದು ಯಂತ್ರವನ್ನು ಒಬ್ಬರಿಗೆ ಕೊಟ್ಟರೆ ಅದು ದಿನಕ್ಕೆ ಒಂದು ಗಂಟೆ ಕೆಲಸ ಮಾಡಿದರೆ ಹೆಚ್ಚು. ಆಸ್ಪತ್ರೆಯಲ್ಲಿಟ್ಟರೆ ದಿನಕ್ಕೆ ಎಂಟು ಹತ್ತು ಜನರಿಗೆ ಸಿಗುತ್ತದೆ. ಯಾವ ಕಾಯಿಲೆಗೆ ಫಲವಿದೆ ಅಂತ ಗೊತ್ತಿದೆಯೋ ಅದಕ್ಕೆ ಮಾತ್ರ ಹಣ ಹೋಗುತ್ತದೆ.

ಭಾರತದ ಪರಿಸ್ಥಿತಿ ವಿಚಿತ್ರವಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ, ಆರೋಗ್ಯ ವಿಮೆ ಕೊಡಬೇಕಾದ ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ರೋಬೋಟ್ ಶಸ್ತ್ರಚಿಕಿತ್ಸೆಯನ್ನು ಸೇರಿಸಿತು. ಆದರೆ ಆಪರೇಷನ್ ಮುಗಿಸಿ ಮನೆಗೆ ಬಂದವರು ವಾರಕ್ಕೆ ಮೂರು ಸಲ ಹೋಗಬೇಕಾದ ಫಿಸಿಯೋಥೆರಪಿಗೆ, ಅದು ಕೈಯಿಂದ ಇರಲಿ ರೋಬೋಟ್‌ನಿಂದ ಇರಲಿ, ಬಹಳಷ್ಟು ವಿಮೆಗಳು ಪೂರ್ತಿ ದುಡ್ಡು ಕೊಡುವುದಿಲ್ಲ. ಲೆಕ್ಕವೆಲ್ಲ ಆಸ್ಪತ್ರೆಗೆ ದಾಖಲಾಗುವುದರ ಸುತ್ತಲೇ. ಹಾಗಾಗಿ ಜೀವ ಉಳಿಸುವ ತನಕ ವ್ಯವಸ್ಥೆ ಜೊತೆಗಿರುತ್ತದೆ. ಉಳಿದ ಜೀವ ಎದ್ದು ಓಡಾಡುವಂತಾಗಬೇಕಾದ ಮುಂದಿನ ಆರು ತಿಂಗಳು ಹೆಚ್ಚಾಗಿ ಮನೆಯವರ ಜೇಬಿನ ಮೇಲೆ ಬೀಳುತ್ತದೆ. ಚಿಕಿತ್ಸೆಗೆ ಅತಿ ಹೆಚ್ಚು ಫಲ ಸಿಗುವ ಕಾಲವೂ ಅದೇ.

ನಮ್ಮಲ್ಲಿ ಆಗುತ್ತಿರುವುದು

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಅವರಲ್ಲಿ ಸುಮಾರು 54 ಲಕ್ಷ ಜನರದ್ದು ಚಲನೆಯ ತೊಂದರೆ. ಕರ್ನಾಟಕದಲ್ಲಿ ಎಲ್ಲ ಬಗೆಯವರೂ ಸೇರಿ 13.24 ಲಕ್ಷ. ಇಷ್ಟು ಜನರಿಗೆ 75 ಲಕ್ಷದ ಯಂತ್ರ ಯಾರೂ ಕೊಡಲಾರರು. ಇಲ್ಲಿನ ಎಂಜಿನಿಯರುಗಳು ಈ ಲೆಕ್ಕವನ್ನು ಅರ್ಥಮಾಡಿಕೊಂಡೇ ಕೆಲಸ ಮಾಡುತ್ತಿದ್ದಾರೆ.

ಮ್ಯಾನ್‌ಹೋಲ್ ಸ್ವಚ್ಛಮಾಡುವ ಬ್ಯಾಂಡಿಕೂಟ್ ರೋಬೋಟ್ ಮಾಡಿದ ಕೇರಳದ ಜೆನ್‌ರೋಬೋಟಿಕ್ಸ್, ನಡಿಗೆ ಕಲಿಸುವ ಜಿ-ಗೈಟರ್ ಮಾಡಿತು. ಅದು ಅಲ್ಲಿನ ಸರ್ಕಾರಿ ಆಸ್ಪತ್ರೆಗೂ ಬಂದಿದೆ. ಬೆಂಗಳೂರಿನ ಬಯೋನಿಕ್ ಯಂತ್ರ ಎಂಬ ಸ್ಟಾರ್ಟಪ್ ಪುನರ್ವಸತಿಗೆಂದೇ ಎಕ್ಸೋಸ್ಕೆಲಿಟನ್ ಕೆಲಸಕ್ಕೆ ಇಳಿಯಿತು. ವೆಲ್ಲೂರಿನ ಸಿಎಂಸಿ ಮತ್ತು ಐಐಟಿ ಮದ್ರಾಸ್ ಸೇರಿ ಮಾಡಿದ ಪ್ಲೂಟೋ ನನಗೆ ಇವೆಲ್ಲದರಲ್ಲಿ ಹೆಚ್ಚು ಜಾಣತನದ್ದು ಅನ್ನಿಸುತ್ತದೆ. ಇದು ಕೈಯ ತರಬೇತಿಗೆ ಇರುವ, ಮೇಜಿನ ಮೇಲೆ ಇಡಬಹುದಾದ ಪುಟ್ಟ ಯಂತ್ರ. ಒಳಗಿರುವುದು ಒಂದೇ ಮೋಟಾರು. ಮಣಿಕಟ್ಟು ಮಡಿಸುವ ಅಭ್ಯಾಸಕ್ಕೆ ಒಂದು ಹಿಡಿಕೆ, ಮುಂಗೈ ತಿರುಗಿಸಲು ಇನ್ನೊಂದು, ಬೆರಳು ಬಿಡಿಸಿ ಮುಚ್ಚಲು ಮತ್ತೊಂದು. ಬೇಕಾದ್ದನ್ನು ಸಿಕ್ಕಿಸಿ ಪರದೆಯ ಮೇಲಿನ ಆಟ ಆಡುತ್ತಾ ಅಭ್ಯಾಸ ಮಾಡಬಹುದು. ಹಲವು ಯಂತ್ರದ ಕೆಲಸ ಒಂದರಲ್ಲಿ ಆಗುವುದರಿಂದ ಖರ್ಚು ಇಳಿಯುತ್ತದೆ, ರೋಗಿಯ ಮನೆಗೇ ಒಯ್ಯಬಹುದು. ರಾಟುಲ್ಸ್ ಪ್ರಯೋಗದ ಪಾಠವೂ ಇಲ್ಲಿದೆ: ತೋಳನ್ನಷ್ಟೇ ಆಡಿಸಿದರೆ ಸಾಲದು, ಮುಂಗೈ ಮತ್ತು ಬೆರಳಿಗೆ ಇಳಿಯಬೇಕು.

ಮೋಟಾರೇ ಇಲ್ಲದ ಒಂದು ಉದಾಹರಣೆಯನ್ನೂ ಇಲ್ಲಿ ಹೇಳಲೇಬೇಕು. ಐಐಟಿ ಮದ್ರಾಸ್, ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಮತ್ತು ಸೊಸೈಟಿ ಫಾರ್ ಬಯೋಮೆಡಿಕಲ್ ಟೆಕ್ನಾಲಜಿ (ಎಸ್‌ಬಿಎಂಟಿ) ಸೇರಿ 2022ರಲ್ಲಿ ಕದಮ್ ಎಂಬ ಕೃತಕ ಮೊಣಕಾಲು ತಂದವು. ಅದು 160 ಡಿಗ್ರಿಯವರೆಗೆ ಮಡಿಸುತ್ತದೆ. ಇಕ್ಕಟ್ಟಾದ ಬಸ್ ಸೀಟಿನಲ್ಲಿ, ಆಟೋದಲ್ಲಿ ಕೂರುವವರಿಗೆ ಅದರಿಂದ ಅನುಕೂಲ. ಹೊರದೇಶದ ಎಕ್ಸೋಸ್ಕೆಲಿಟನ್‌ಗಳು ಏಳುವುದು, ಕೂರುವುದು ಎಲ್ಲ ಕುರ್ಚಿಯ ಎತ್ತರದ ಲೆಕ್ಕದಲ್ಲಿ. ಚಾಪೆಯಿಂದ ಏಳಲು ಅವುಗಳಿಗೆ ಬರುವುದಿಲ್ಲ. ಹೊಸ್ತಿಲು, ಕೆಸರು, ಭಾರತೀಯ ಶೈಲಿಯ ಶೌಚಾಲಯ ಅವುಗಳ ವಿನ್ಯಾಸದಲ್ಲಿ ಇಲ್ಲ. ಜೈಪುರ ಕಾಲು ಐವತ್ತು ವರ್ಷ ಬಾಳಿದ್ದು ನೆಲದ ಮೇಲೆ ಕೂರುವವರನ್ನು, ಬರಿಗಾಲಲ್ಲಿ ಗದ್ದೆಗೆ ಇಳಿಯುವವರನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಂಡಿದ್ದರಿಂದ.

ಮನೆ ದಾಟಿದ ಮೇಲಿನ ಸಮಸ್ಯೆ ಯಂತ್ರದ್ದಲ್ಲ, ರಸ್ತೆಯದ್ದು. ಕಲ್ಲು ಎದ್ದ ಫುಟ್‌ಪಾತ್ ಮೇಲೆ ವೀಲ್‌ಚೇರೂ ಹೋಗುವುದಿಲ್ಲ, ರೋಬೋಟ್ ಕಾಲೂ ಹೋಗುವುದಿಲ್ಲ. ಮೂರು ಎತ್ತರದ ಮೆಟ್ಟಿಲಿನ ಬಸ್ಸನ್ನು ಹತ್ತುವುದು ಎಕ್ಸೋಸ್ಕೆಲಿಟನ್ ತೊಟ್ಟವರಿಗೂ ಕಷ್ಟ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ತಲುಪುವಂತಿರಬೇಕು ಎಂಬುದು ಬರೀ ಮಾರ್ಗಸೂಚಿಯಾಗಿ ಉಳಿಯಬಾರದು, ಕಡ್ಡಾಯ ನಿಯಮವಾಗಬೇಕು ಎಂದಿತು. ಚಲನೆಯ ಸ್ವಾತಂತ್ರ್ಯದ ವಿಷಯದಲ್ಲಿ ಈ ತೀರ್ಪಿನ ತೂಕ ಯಾವ ಯಂತ್ರದ ಸುದ್ದಿಗೂ ಕಡಿಮೆಯಲ್ಲ.

ಮುಂದಿನ ವರ್ಷಗಳಲ್ಲಿ ಏನಾಗಬಹುದು?

ವಿಮೆ ಬಂದಿರುವುದರಿಂದ ಅಮೆರಿಕ, ಯುರೋಪಿನಲ್ಲಿ ಮಾರಾಟ ಹೆಚ್ಚಿ, ಬೆಲೆ ನಿಧಾನವಾಗಿ ಇಳಿಯಬಹುದು. ಊರುಗೋಲು ಬೇಡದ ಯಂತ್ರಗಳು ಮನೆಬಳಕೆಗೆ ಬಂದರೆ ಕೈ ಖಾಲಿಯಾಗಿರುತ್ತದೆ. ಆಗ 161 ಜನರ ಪ್ರಯೋಗದಲ್ಲಿ ಕಂಡ ಲೆಕ್ಕ ಬದಲಾದೀತು. ಆ ಪ್ರಯೋಗವನ್ನು ಹೊಸ ಯಂತ್ರಗಳೊಂದಿಗೆ ಮತ್ತೆ ಮಾಡಿ ನೋಡಬೇಕು.

ನಮ್ಮ ಊರುಗಳಲ್ಲಿ ಬೇಗ ಆಗುವುದು ಬೇರೆ. ದೊಡ್ಡ ಖಾಸಗಿ ಆಸ್ಪತ್ರೆಗಳ 'ರೋಬೋಟಿಕ್ ರಿಹ್ಯಾಬ್' ಬೋರ್ಡುಗಳು ಹೆಚ್ಚುತ್ತವೆ. ಸ್ಟ್ರೋಕ್ ಆಗಿ ಎರಡು ಮೂರು ವರ್ಷವಾದವರು ಕೂಡ ಆಸೆಯಿಂದ ಹೋಗಿ ಒಂದೊಂದು ಸಲಕ್ಕೆ ದುಡ್ಡು ಕಟ್ಟುತ್ತಾರೆ. ಲಾಭ ಹೆಚ್ಚು ಸಿಗಬಹುದಾದವರು, ಅಂದರೆ ಹಳ್ಳಿಯಲ್ಲಿ ಸ್ಟ್ರೋಕ್ ಆಗಿ ಎರಡು ವಾರದಲ್ಲಿ ಮನೆಗೆ ಕಳುಹಿಸಲ್ಪಟ್ಟವರು, ಹಾಸಿಗೆಯಲ್ಲೇ ಉಳಿಯುತ್ತಾರೆ. ಸರ್ಕಾರ ಇದರಲ್ಲಿ ಕೈಹಾಕದಿದ್ದರೆ ಅಂತರ ಹೀಗೇ ಬೆಳೆಯುತ್ತದೆ.

ಕೈಹಾಕುವುದಾದರೆ ಜಿಲ್ಲಾ ಆಸ್ಪತ್ರೆಯಿಂದ ಶುರುಮಾಡಬೇಕು. ಅಲ್ಲೊಂದು ನಡಿಗೆ ತರಬೇತಿ ಯಂತ್ರ, ಪ್ಲೂಟೋದಂಥ ಕೆಲವು ಚಿಕ್ಕ ಯಂತ್ರ, ಅವನ್ನು ನಡೆಸಲು ಫಿಸಿಯೋಥೆರಪಿಸ್ಟ್ ಹುದ್ದೆಗಳು, ಮೂರೂ ಒಂದೇ ಆದೇಶದಲ್ಲಿ ಬರಬೇಕು. ಹುದ್ದೆ ಇಲ್ಲದೆ ಯಂತ್ರ ಬಂದರೆ ಅದು ಉದ್ಘಾಟನೆಯ ಫೋಟೋ ಆದಮೇಲೆ ಬಟ್ಟೆ ಹೊದ್ದು ಕೂರುತ್ತದೆ. ಟೆಂಡರ್‌ನಲ್ಲೇ ಹತ್ತು ವರ್ಷ ಬಿಡಿಭಾಗ ಒದಗಿಸುವ ಷರತ್ತು ಇರಬೇಕು. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಲ್ಲಿ ಅನೇಕರು ಸ್ವತಃ ವಿಕಲಚೇತನರು. ಹೊಸದಾಗಿ ಸ್ಟ್ರೋಕ್ ಆದವರನ್ನು ಮೊದಲ ತಿಂಗಳಲ್ಲೇ ಗುರುತಿಸಿ ಜಿಲ್ಲಾ ಆಸ್ಪತ್ರೆಗೆ ತಲುಪಿಸಲು ಅವರಿಗಿಂತ ಸೂಕ್ತರು ಬೇರೆ ಸಿಗುವುದಿಲ್ಲ. ಅದಕ್ಕೆ ತಕ್ಕ ತರಬೇತಿ ಮತ್ತು ಗೌರವಧನ ಕೊಡಬೇಕಷ್ಟೆ.

ಮನೆಯವರು ಕೇಳಬೇಕಾದ್ದು

ಆಸ್ಪತ್ರೆಯವರು ರೋಬೋಟ್ ಚಿಕಿತ್ಸೆ ಸೂಚಿಸಿದರೆ ದುಡ್ಡು ಕಟ್ಟುವ ಮೊದಲು ಕೆಲವು ಪ್ರಶ್ನೆ ಕೇಳಿ. ನಮ್ಮವರ ಬೆನ್ನುಹುರಿಯ ಪೆಟ್ಟು ಪೂರ್ತಿಯದ್ದಾ, ಅರೆಬರೆಯದ್ದಾ? ಸ್ಟ್ರೋಕ್ ಆಗಿದ್ದರೆ, ಇಷ್ಟು ತಿಂಗಳಾದ ಮೇಲೆ ಎಷ್ಟು ಸುಧಾರಣೆ ನಿರೀಕ್ಷಿಸಬಹುದು? ಎಷ್ಟು ಸಲ ಬರಬೇಕು, ಫಲ ಇಲ್ಲ ಅಂತ ಯಾವಾಗ ನಿಲ್ಲಿಸುತ್ತೀರಿ? ಯಂತ್ರದ ಜೊತೆಗೆ ಥೆರಪಿಸ್ಟ್ ಕೈಯಿಂದ ಮಾಡಿಸುವ ಅಭ್ಯಾಸ ಎಷ್ಟು ಹೊತ್ತು ಇರುತ್ತದೆ? ಒಳ್ಳೆಯ ಥೆರಪಿಸ್ಟ್ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಯಂತ್ರ ಸಿಗದಿದ್ದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಸರಿಯಾದ ಅಳತೆಯ ವೀಲ್‌ಚೇರ್, ಹಾಸಿಗೆ ಹುಣ್ಣು ತಡೆಯುವ ಕುಶನ್, ಬಚ್ಚಲಲ್ಲಿ ಗೋಡೆಗೊಂದು ಹಿಡಿಕೆ, ದಿನವೂ ತಪ್ಪದ ಅಭ್ಯಾಸ, ಇಷ್ಟರಿಂದಲೇ ಎಷ್ಟೋ ಜನರ ಓಡಾಟ ವಾಪಸ್ ಬಂದಿದೆ. ಬೆಂಗಳೂರಿನಲ್ಲಿ 1959ರಿಂದ ಇರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ (ಎಪಿಡಿ), ಹಾಗೆಯೇ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಇದೇ ಕೆಲಸ ಮಾಡುತ್ತಾ ಬಂದಿವೆ. ಆಸ್ಪತ್ರೆಯಿಂದ ಬಿಡುಗಡೆ ಮಾಡುವ ದಿನವೇ ಥೆರಪಿಸ್ಟ್ ಹತ್ತಿರ ಕೂತು, ಮನೆಯಲ್ಲಿ ಯಾವ ಅಭ್ಯಾಸ, ದಿನಕ್ಕೆ ಎಷ್ಟು ಸಲ, ಯಾರು ಹಿಡಿದುಕೊಳ್ಳಬೇಕು, ಮತ್ತೆ ಯಾವತ್ತು ಬರಬೇಕು ಎಂದು ಬರೆಸಿಕೊಂಡು ಬನ್ನಿ.